ಕದಿರಿ ಗೂಡು ಬಿಟ್ಟ ಬಗೆ

“ಇವ್ಳು ಇದನ್ನ ಎಲ್ಲಿ ನೋಡಿದ್ಲು?”

ಲತಾಮಣಿ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿದ್ದವನು ಗೌಸ್ ಒಬ್ಬನೇ, ಅವನ ಎರಡು ಕಿವಿಯೂ ಹೆಡ್‌ಫೋನಿನೊಳಗಿದ್ದವು. ಬೆಳಗಿನ ಎಂಟಕ್ಕೇ ಕೆಳಗಿನ ಮನೆಯಲ್ಲಿ ನೂಲು ತೆಗೆಯುವ ರಾಟೆಗಳು ತಿರುಗತೊಡಗಿದ್ದವು. ಬೇಯಿಸಿದ ಗೂಡಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂದಿತ್ತು.

ಅವಳ ಎದುರಿನ ಪರದೆಯ ಮೇಲೆ ಒಂದು ಬಿಳಿಯ ರೇಷ್ಮೆಗೂಡು. ಒಳಗಿನಿಂದ ಅದರ ಒಂದು ತುದಿ ಮೆಲ್ಲಗೆ ತೇವವಾಯಿತು. ತೇವ ಹರಡಿ ಕಂದು ಬಣ್ಣಕ್ಕೆ ತಿರುಗಿತು. ಎಳೆಗಳು ಸಡಿಲಗೊಂಡು ಅತ್ತಿತ್ತ ಸರಿದವು. ನಡುವಿನಿಂದ ಮೊದಲು ತಲೆ, ಆಮೇಲೆ ಒದ್ದೆಯಾದ, ಮುದುಡಿದ ರೆಕ್ಕೆ. ಅಲ್ಲಿಗೆ ವಿಡಿಯೊ ಮುಗಿಯಿತು.

ಅವಳು ಮತ್ತೆ ಮೊದಲಿನಿಂದ ಹಾಕಿದಳು. ಇದು ಹದಿನಾಲ್ಕನೇ ಸಲ.

ಐದು ದಿನದ ಹಿಂದೆ ಈ ಇಪ್ಪತ್ತು ಸೆಕೆಂಡಿನ ವಿಡಿಯೊವನ್ನು ಯಾರೋ ಇಂಟರ್‌ನೆಟ್ಟಿಗೆ ಹಾಕಿದ್ದರು. ಹಾಕಿದ್ದು ದಿವ್ಯಳ ಪಾಸ್‌ವರ್ಡಿನಿಂದ. ಬಿಡುಗಡೆಗೆ ಇನ್ನೂ ಹದಿನೈದು ದಿನವಿದ್ದ ಆಟದ ಕೊನೆ ಹೀಗೆ ಬೀದಿಗೆ ಬಿದ್ದಿತ್ತು.

ಆಟದ ಹೆಸರು ‘ಚಂದ್ರಿಕೆ’. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಸುರುಳಿ ತಟ್ಟೆಯೇ ಅದರ ಲೋಕ. ಕದಿರಿ ಎಂಬ ರೇಷ್ಮೆಹುಳು ಆ ಸುರುಳಿಯ ಓಣಿಗಳಲ್ಲಿ ದಾರಿ ಹುಡುಕುತ್ತ, ಇರುವೆ, ಹಲ್ಲಿಗಳ ಜೊತೆ ಹೋರಾಡುತ್ತ, ಕೊನೆಗೆ ಗೂಡಿನೊಳಗೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಾಳೆ. ಅಲ್ಲಿಗೆ ಮೊದಲ ಭಾಗ ಮುಗಿದಿತ್ತು. ಆರು ವರ್ಷದಿಂದ ಎಲ್ಲೆಲ್ಲಿಯದೋ ದೇಶಗಳ ಜನ ಕೂಡ ಒಂದೇ ಮಾತು ಕೇಳುತ್ತ ಕಾದಿದ್ದರು. ಕದಿರಿ ಆಚೆಗೆ ಬರುವುದು ಹೇಗೆ?

ಎರಡನೇ ಭಾಗ ಇಡೀ ಗೂಡಿನ ಒಳಗೇ ನಡೆಯುತ್ತದೆ. ನೂಲಿನ ಮೇಲೆ ಕದಿರಿ ಗಾಳಿಯಂತೆ ಓಡುತ್ತಾಳೆ. ಆಡುವವರಿಗೆ ಉಸಿರು ಬಿಡಲು ಬಿಡುವಿಲ್ಲ. ಪ್ರತಿಯೊಂದು ಹೆಜ್ಜೆಯೂ ಕಾಗದದ ಮೇಲೆ ಪೆನ್ಸಿಲಿನಲ್ಲಿ ಚಿತ್ರವಾಗಿ ಬರೆದದ್ದು. ಬರೆದವಳು ಹೊಂಗನೂರಿನ ದಿವ್ಯ. ಕಂಪ್ಯೂಟರಿನ ಕೆಲಸ ಮಾಗಡಿಯ ಅನಂತರಾಜುವಿನದು, ಕಂಪನಿಯೂ ಅವನದೇ. ಸದ್ದು, ಸಂಗೀತ ಗೌಸ್‌ನದು. ರಾಮನಗರದ ಈ ಮಹಡಿಯ ಮೇಲೆ ಇರುವುದು ಈ ಮೂವರೇ.

ಕೊನೆಯ ದೃಶ್ಯದ ಇನ್ನೂರ ಹನ್ನೆರಡು ಹಾಳೆಗಳು ದಿವ್ಯಳ ಬೀರುವಿನಲ್ಲಿ ಮಾತ್ರ ಇದ್ದವು. ಕೊನೆಯ ದಿನವೇ ಕೊಡುತ್ತೇನೆ, ಅಲ್ಲಿಯವರೆಗೆ ಯಾರೂ ನೋಡಬಾರದು ಎಂದು ಅವಳೇ ಹಠ ಹಿಡಿದಿದ್ದಳು. ಈಗ ಆ ಕಟ್ಟು ಕಾಣೆ. ಕಳುವಾಗಿದೆ ಎನ್ನುತ್ತಾಳೆ ದಿವ್ಯ. ಮಾರಿಕೊಂಡಿದ್ದಾಳೆ ಎನ್ನುತ್ತಾನೆ ಅನಂತರಾಜು.

ಇವತ್ತು ಸಂಜೆ ಐದಕ್ಕೆ ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ಹೋಗಬೇಕು. ಅದರಲ್ಲಿ ದಿವ್ಯಳ ಹೆಸರು ಇರುವುದಿಲ್ಲ ಎಂದು ಅವನು ನಿನ್ನೆಯೇ ಹೇಳಿಬಿಟ್ಟಿದ್ದ. ಆರು ವರ್ಷ ಬರೆದವಳ ಹೆಸರು ಇರುವುದಿಲ್ಲ, ಕಳ್ಳಿಯೆಂಬ ಹೆಸರು ಮಾತ್ರ ಉಳಿಯುತ್ತದೆ.

ಲತಾಮಣಿ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ತಾನಾಗಿ ಹೊರಬಂದವಳು. ಈಗ ಕನಕಪುರದ ಬಸ್ ಸ್ಟ್ಯಾಂಡಿನ ಎದುರು ಒಂದು ಕೋಣೆ ಮಾಡಿಕೊಂಡು ಪತ್ತೆ ಕೆಲಸ ಮಾಡುತ್ತಿದ್ದಳು. ದಿವ್ಯಳ ಅಜ್ಜಿ ಬೋರಮ್ಮ ಮೂರು ದಿನದ ಹಿಂದೆ ಆ ಕೋಣೆಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ, ನಿಂತೇ ಹೇಳಿದ್ದು ಒಂದು ಮಾತು. “ನನ್ ಮೊಮ್ಮಗ್ಳು ಕಳ್ಳಿ ಅಲ್ಲ ಅಂತ ಒಬ್ರಾದ್ರೂವೆ ಬಾಯ್ಬುಟ್ಟು ಹೇಳ್ಬೇಕು ಕಣವ್ವ.”

ವಿಡಿಯೊ ಮತ್ತೆ ಮುಗಿಯಿತು.

ಸಾತನೂರಿನಲ್ಲಿ ಲತಾಮಣಿಯ ಅಪ್ಪ ಪ್ರತಿ ಶನಿವಾರ ಗುಡಿಯ ಜಗುಲಿಯ ಮೇಲೆ ಕೂತು ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದ. ಕೇಳುವವರಿಗೆ ಎಲ್ಲ ಅರ್ಥವಾಗುತ್ತಿತ್ತೆಂದಲ್ಲ. ಆದರೆ ಓದುವವನು ಒಂದು ಸಾಲು ನುಂಗಿದರೆ ಸಾಕು, ತೂಕಡಿಸುತ್ತಿದ್ದವರ ತಲೆಯೂ ಮೇಲೇಳುತ್ತಿತ್ತು. ಈ ವಿಡಿಯೊ ನೋಡುವಾಗೆಲ್ಲ ಅವಳ ತಲೆ ಹಾಗೆ ಮೇಲೇಳುತ್ತಿತ್ತು. ಏಕೆ ಎಂಬುದು ಇವತ್ತು ಬೆಳಿಗ್ಗೆ ಹೊಳೆದಿತ್ತು.

ಅವಳ ಮನೆಯಲ್ಲೂ ಹುಳ ಸಾಕುತ್ತಿದ್ದರು. ಸೊಪ್ಪು ಹಾಕಿದ್ದಳು, ಹಣ್ಣು ಹುಳ ಆರಿಸಿದ್ದಳು, ಗೂಡು ಬಿಡಿಸಿದ್ದಳು. ಆದರೆ ಚಿಟ್ಟೆ ಗೂಡಿನಿಂದ ಆಚೆ ಬರುವುದನ್ನು ಒಂದು ದಿನವೂ ನೋಡಿರಲಿಲ್ಲ. ಯಾರ ಮನೆಯಲ್ಲೂ ನೋಡುವುದಿಲ್ಲ. ಚಿಟ್ಟೆ ಬಂತೆಂದರೆ ಗೂಡು ಹಾಳಾಯಿತೆಂದೇ ಅರ್ಥ. ಆರನೆಯ ದಿನವೋ ಏಳನೆಯ ದಿನವೋ ಗೂಡು ಮಾರ್ಕೆಟ್ಟಿಗೆ ಹೋಗುತ್ತದೆ, ಅಲ್ಲಿಂದ ನೂಲು ತೆಗೆಯುವ ರೀಲರ್ ಮನೆಗೆ, ಅಲ್ಲಿಂದ ಬಿಸಿನೀರಿಗೆ.

ಹೊಂಗನೂರಿನಲ್ಲಿ ಹುಟ್ಟಿ ಬೆಳೆದ ದಿವ್ಯ ಮಾತ್ರ ಎಲ್ಲಿ ನೋಡಿದಳು?

ಲತಾಮಣಿ ಎದ್ದು ಗೌಸ್‌ನ ಭುಜ ತಟ್ಟಿದಳು. ಅವನು ಬೆಚ್ಚಿ ಹೆಡ್‌ಫೋನ್ ತೆಗೆದ. ಮೂವತ್ತೈದು ದಾಟಿದ ಸಣಕಲು ಆಸಾಮಿ, ಅಪ್ಪ ಅಜ್ಜನ ಕಾಲದಿಂದ ನೂಲು ತೆಗೆಯುವ ಮನೆಯವನು. ಚಿಟ್ಟೆ ತೂತು ಮಾಡಿದ ಗೂಡು ನೋಡಿದ್ದೀಯಾ ಎಂದು ಕೇಳಿದಳು. ಒಂದೊಂದು ಸಲ ಬರುತ್ತವೆ, ಎತ್ತಿ ಬಿಸಾಕುತ್ತೇವೆ ಎಂದ.

“ಅದ್ರಲ್ಲಿ ನೂಲು ಹೆಂಗಿರ್ತದೆ?”

“ಒಂದ್ ಕಡೆ ಕಂದು ಕಲೆ ಇರ್ತದೆ ಮೇಡಂ. ನೆಂದು ಒಣಗಿರೋ ಥರ.”

ಅಂದರೆ ವಿಡಿಯೊದಲ್ಲಿ ಇರುವುದು ಸರಿ. ಬರೆದವರು ನೋಡಿಯೇ ಬರೆದಿದ್ದಾರೆ.

ಆಮೇಲೆ ಅವಳು ಸುಮ್ಮನಿದ್ದಳು. ಗೌಸ್ ಇಲಿಯಂತೆ ಮೌಸನ್ನು ಆಚೆ ಈಚೆ ಓಡಿಸಿದ, ನೀರು ಕುಡಿದ, ಬಾಗಿಲಿನ ಕಡೆ ನೋಡಿದ. ಎರಡು ನಿಮಿಷದ ಮೇಲೆ ಅವನು ತಾನಾಗಿಯೇ ಒಂದು ಫೈಲು ತೆರೆದ.

ದಿವ್ಯ ಎಂಟು ತಿಂಗಳ ಹಿಂದೆ, ಸದ್ದು ಹಾಕಲೆಂದು ಅವನೊಬ್ಬನಿಗೇ ಕೊಟ್ಟ ಪೆನ್ಸಿಲ್ ಕರಡು ಅದು. ಬಣ್ಣವಿಲ್ಲ, ಬರೀ ಗೆರೆ. ಅದೇ ಗೂಡು, ಅದೇ ಕದಿರಿ. ಆದರೆ ಇಲ್ಲಿ ಅವಳು ಗೂಡಿನ ಗೋಡೆಗೆ ಹಲ್ಲು ಹಾಕಿ ಕಚ್ಚುತ್ತಿದ್ದಳು. ನೂಲು ಒಂದೊಂದಾಗಿ ತುಂಡಾಗುತ್ತಿತ್ತು. ಗೌಸ್ ಹಿಂದಿನಿಂದ ಸದ್ದು ಸೇರಿಸಿದ. ಕಟ್, ಕಟ್, ಕಟ್. ಹನ್ನೊಂದು ಸಲ.

“ನಾನು ಸೌಂಡ್ ಮಾಡಿದ್ದು ಕಚ್ಚೋದಕ್ಕೆ,” ಎಂದ. “ಆ ವಿಡಿಯೊದಲ್ಲಿ ಕಚ್ಚೋದೇ ಇಲ್ವಲ್ಲ ಮೇಡಂ.”

ಹುಳ ಸಾಕುವ ಮನೆಯ ಯಾರೇ ಬರೆದರೂ ಹೀಗೆಯೇ ಬರೆಯುತ್ತಿದ್ದರು. ತೂತು ಕಂಡವರು ಕಚ್ಚಿದೆ ಎಂದೇ ಅಂದುಕೊಳ್ಳುತ್ತಾರೆ. ಲತಾಮಣಿಯೂ ಹಾಗೇ ಬರೆಯುತ್ತಿದ್ದಳು, ಬರೆಯಲು ಬಂದಿದ್ದರೆ.

ಇದನ್ನು ಐದು ದಿನ ಯಾಕೆ ಬಚ್ಚಿಟ್ಟೆ ಎಂದು ಕೇಳಿದಳು. ಅನಂತಣ್ಣ ಕೇಳಲಿಲ್ಲ ಎಂದ ಗೌಸ್. ಅಷ್ಟೇನಾ ಎಂದಳು. ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡ. ದಿವ್ಯಳೇ ಫೋನ್ ಮಾಡಿ, ಆ ಕರಡನ್ನು ಯಾರಿಗೂ ತೋರಿಸಬೇಡ, ಅಳಿಸಿಬಿಡು ಎಂದಿದ್ದಳಂತೆ. ವಿಡಿಯೊ ಬಂದ ದಿನವೇ.

ತನ್ನನ್ನು ಉಳಿಸುವ ಒಂದೇ ಸಾಕ್ಷಿಯನ್ನು ಅಳಿಸು ಎಂದವಳು ದಿವ್ಯ. ಲತಾಮಣಿ ಅದನ್ನು ಮನಸ್ಸಿನಲ್ಲೇ ಒಂದು ಪಕ್ಕಕ್ಕೆ ಇಟ್ಟಳು.

ಚಿಟ್ಟೆ ಬರುವುದನ್ನು ದಿನವೂ ನೋಡುವವರು ಮೊಟ್ಟೆ ಕೇಂದ್ರದವರು. ಬಿತ್ತನೆ ಗೂಡನ್ನು ಬೇಯಿಸದೆ, ಚಿಟ್ಟೆ ಬರಿಸಿ, ಮೊಟ್ಟೆ ಇಡಿಸುವುದೇ ಅವರ ಕೆಲಸ. ಬಿತ್ತನೆ ಗೂಡು ಎಂದರೆ ಮೊದಲಿನಿಂದಲೂ ಮಾಗಡಿ ಸೀಮೆ. ಅನಂತರಾಜುವಿನ ತಾಯಿ ಅಂಥ ಕೇಂದ್ರವೊಂದರಲ್ಲಿ ಮೂವತ್ತು ವರ್ಷ ದುಡಿದವಳೆಂದು ಅವನೇ ನಿನ್ನೆ ಮಾತಿನ ಮಧ್ಯೆ ಹೇಳಿದ್ದ.

ಮಾಗಡಿಗೆ ಹೋಗುತ್ತೇನೆ ಎಂದಳು. ಅನಂತಣ್ಣನ ಓಮ್ನಿ ವ್ಯಾನು ಕೆಳಗೇ ಇದೆ, ಬಿಟ್ಟು ಬರುತ್ತೇನೆ ಎಂದ ಗೌಸ್, ಒಸಿ ಹೆಚ್ಚೇ ಆತುರದಲ್ಲಿ. ಸಂಶಯ ತೀರುವವರೆಗೆ ಯಾರ ಗಾಡಿಯನ್ನೂ ಅವಳು ಹತ್ತುವುದಿಲ್ಲ. ಬೇಡವೆಂದು ಮೆಟ್ಟಿಲಿಳಿದಳು.

ಮಾಗಡಿ ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡಿನತ್ತ ನೋಡಿದಂತೆ ಮಾಡಿ ಟಿಕೆಟ್ ಹರಿದು ಕೊಟ್ಟ. ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ನಿತ್ಯದಂತೆ ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಂಡಳು. ಬಂಡೆಗಳ ಸಾಲು ದಾಟುವ ಹೊತ್ತಿಗೆ ನಾಮ ನಿಂತು ಲೆಕ್ಕ ಶುರುವಾಗಿತ್ತು. ಅನಂತರಾಜುವಿಗೆ ಚಿತ್ರ ಬರೆಯಲು ಬಾರದು. ಗೌಸ್‌ಗೂ ಬಾರದು. ಆದರೆ ವಿಡಿಯೊದ ಗೆರೆ ಆರು ವರ್ಷ ದಿವ್ಯಳ ಪಕ್ಕದಲ್ಲೇ ಕೂತವನನ್ನೂ ನಂಬಿಸಿತ್ತು. ‘ಕೈ ಅವಳದೇ ಮೇಡಂ, ಆಣೆ ಮಾಡ್ತೀನಿ’ ಎಂದಿದ್ದ ಅನಂತರಾಜು.

ಅನಂತರಾಜುವಿನ ತಾಯಿ ದೊಡ್ಡಲಕ್ಷ್ಮಮ್ಮನ ಮನೆ ಕೋಟೆಯ ಹಿಂದಿನ ಓಣಿಯಲ್ಲಿತ್ತು. ಬಾಗಿಲು ಅರ್ಧ ತೆರೆಯಿತು. ಎಪ್ಪತ್ತರ ಹತ್ತಿರದ ಮುದುಕಿ ಅರ್ಧ ಬಾಗಿಲಿಗೆ ತನ್ನ ಮೈಯನ್ನು ಅಡ್ಡವಾಗಿಟ್ಟು ನಿಂತಳು.

“ಪೋಲೀಸಮ್ಮ ಬತ್ತಾಳೆ, ಕಾಪಿ ಕೊಟ್ಟು ಕಳ್ಸು, ಮಾತಾಡ್ಬ್ಯಾಡ ಅಂದವ್ನೆ ನನ್ ಮಗ,” ಅಂದಳು. “ಕಾಪಿ ಕುಡೀತೀಯಾ?”

ಮಾಗಡಿಗೆ ಬರುವ ವಿಷಯ ಗೌಸ್‌ಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವನಿಂದ ಅನಂತರಾಜುವಿಗೆ, ಅಲ್ಲಿಂದ ಇಲ್ಲಿಗೆ, ಅವಳ ಬಸ್ಸು ಹೊರಡುವ ಮೊದಲೇ ಫೋನು ಹೋಗಿತ್ತು.

ಕುಡಿಯುತ್ತೇನೆ ಎಂದಳು ಲತಾಮಣಿ. ಕಾಫಿ ಮುಗಿಯುವವರೆಗೆ ಮಗನ ಮಾತು ಎತ್ತಲಿಲ್ಲ. ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದಳು, ಲೋಟವನ್ನು ತಾನೇ ತೊಳೆದಿಟ್ಟಳು. ಆಮೇಲೆ, ತಾನು ಸಾತನೂರಿನವಳೆಂದೂ, ಹುಳದ ಜೊತೆಯೇ ಬೆಳೆದರೂ ಈ ವಯಸ್ಸಿಗೂ ಚಿಟ್ಟೆ ಗೂಡು ಬಿಡುವುದನ್ನು ಕಂಡಿಲ್ಲವೆಂದೂ, ಅದು ಹೇಗೆ ಬರುತ್ತದೆಂದೂ ಕೇಳಿದಳು.

ಮುದುಕಿಯ ಮುಖ ಬಿಚ್ಚಿಕೊಂಡಿತು. ಮಗ ಬೇಡವೆಂದದ್ದು ಪೊಲೀಸಿನ ಮಾತು. ಇದು ಚಿಟ್ಟೆಯ ಮಾತು.

“ಹೊತ್ತುಟ್ಟೋ ಗಳ್ಗೇಲಿ ಬತ್ತವೆ ಕಣವ್ವ. ಬಾಯಿಂದ ನೀರು ಬುಡ್ತದೆ, ಗೂಡು ನೆನೀತದೆ. ಆಮ್ಯಾಕೆ ತಲೆ ಹಾಕಿ ಜಾಡಿಸ್ಕಂಡು ಬತ್ತದೆ.”

“ಕಚ್ಚಲ್ವಾ?”

“ಎಲ್ಲಿಂದ ಕಚ್ಚಾದು. ಅದ್ಕೆ ಹಲ್ಲೂ ಇಲ್ಲ, ಹಸಿವೂ ಇಲ್ಲ. ಸಾಯೋಗಂಟ ಒಂದ್ ತೊಟ್ಟು ನೀರೂ ಕುಡಿಯಾಕಿಲ್ಲ.” ದೊಡ್ಡಲಕ್ಷ್ಮಮ್ಮ ಅಂಗೈಯನ್ನು ಗೂಡಿನಂತೆ ಮುಚ್ಚಿ, ಮೆಲ್ಲಗೆ ತೆರೆದಳು. “ಆ ಉಡ್ಗೀನೂವೆ ಇದ್ನೇ ಕೇಳಿದ್ಲು. ಕಚ್ಚಲ್ವಾ ಅಜ್ಜಿ ಅಂತ. ಕಚ್ಚುತ್ತೆ ಅಂತ ಬರ್ದ್ಬುಟ್ಟವ್ರೆ, ತಪ್ಪು ಅಂದ್ಲು.”

ಲತಾಮಣಿ ಲೋಟ ಇಟ್ಟ ಜಾಗವನ್ನೇ ನೋಡುತ್ತಿದ್ದಳು. ಯಾವ ಹುಡುಗಿ ಎಂದು ಕೇಳಲು ಅವಸರ ಮಾಡಲಿಲ್ಲ.

ಮುದುಕಿಯೇ ಹೇಳಿದಳು. ಯುಗಾದಿ ಕಳೆದ ಮೇಲೆ ಒಬ್ಬ ಹುಡುಗಿ ಬಂದಳು. ನಿಮ್ಮ ಮಗ ಹೇಳಿ ಕಳಿಸಿದ್ದಾರೆ, ಆಟಕ್ಕೆ ಚಿಟ್ಟೆ ಬರೆಯಬೇಕು ಎಂದಳು. ದೊಡ್ಡಲಕ್ಷ್ಮಮ್ಮ ಗೊತ್ತಿದ್ದವರಿಂದ ಒಂದು ಹಿಡಿ ಬಿತ್ತನೆ ಗೂಡು ತರಿಸಿ ಮೊರದಲ್ಲಿ ಹರಡಿದಳು. ಹುಡುಗಿ ಇದೇ ನಡುಮನೆಯಲ್ಲಿ ಒಂಬತ್ತು ದಿನ ಮಲಗಿದ್ದು, ಒಂಬತ್ತು ಬೆಳಗೂ ಮೊರದ ಮುಂದೆ ಮಂಡಿಯೂರಿ ಕೂತು ಬರೆದಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಹೋಗುವ ದಿನ ಒಂದು ಹಾಳೆ ಕೊಟ್ಟು ಹೋದಳು.

“ಹೆಸರು ಹೇಳಿದ್ಲಾ ಅಜ್ಜಿ?”

“ಹೇಳ್ದೆ ಇರ್ತಾಳಾ. ದಿವ್ಯ.”

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗಿ ಓಣಿ ದಾಟಿತು. ದಿವ್ಯಳನ್ನು ಉಳಿಸಲು ನಲವತ್ತು ಕಿಲೋಮೀಟರು ಬಂದು, ಅವಳ ವಿರುದ್ಧವೇ ಸಾಕ್ಷಿ ಕಟ್ಟಿಕೊಂಡಂತಾಗಿತ್ತು. ಎಂಟು ತಿಂಗಳ ಹಿಂದೆ ತಪ್ಪು ಬರೆದವಳು ಯುಗಾದಿಗೆ ಇಲ್ಲಿಗೆ ಬಂದು ಕಲಿತು ತಿದ್ದಿಕೊಂಡಳು. ವಿಡಿಯೊದಲ್ಲಿ ಇರುವುದು ಅವಳ ಚಿತ್ರವೇ. ಹಳೆಯ ಕರಡನ್ನು ಅಳಿಸು ಎಂದದ್ದೂ ಅದಕ್ಕೇ ಇರಬಹುದು. ಎಲ್ಲವೂ ಸರಿಯಾಗಿ ಕೂತಿತ್ತು.

ಅತಿ ಸರಿಯಾಗಿ ಕೂತದ್ದನ್ನು ಅವಳು ನಂಬಿದವಳಲ್ಲ. ಫೋನಿನಲ್ಲಿದ್ದ ದಿವ್ಯಳ ಫೋಟೊ ತೆಗೆದು ಮುದುಕಿಯ ಮುಂದೆ ಹಿಡಿದಳು.

ದೊಡ್ಡಲಕ್ಷ್ಮಮ್ಮ ಫೋನನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

“ಇದ್ಯಾರವ್ವ?”

“ದಿವ್ಯ.”

“ಇವಳಲ್ಲ ಕಣವ್ವ. ಅವ್ಳು ಇವ್ಳಿಗಿಂತ ಎತ್ರ. ತಲೆಗೂದ್ಲ ಗಂಡುಡುಗ್ರಂಗೆ ಕತ್ತರಿಸ್ಕಂಡಿದ್ಲು. ಒಂಬತ್ತು ದಿನ ಅನ್ನ ಹಾಕಿವ್ನಿ, ಮರ್ತೋಗ್ತದಾ.”

ಹುಡುಗಿ ಕೊಟ್ಟ ಹಾಳೆಯನ್ನು ಮುದುಕಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ತೆಗೆದು ಕೊಟ್ಟಳು. ಸುಕ್ಕುಗಟ್ಟಿದ ಒಂದು ಕೈ, ತೋರುಬೆರಳ ತುದಿಯಲ್ಲಿ ಈಗಷ್ಟೇ ಗೂಡು ಬಿಟ್ಟ ಚಿಟ್ಟೆ. ಎರಡು ಗೆರೆ ಸೇರುವ ಕಡೆ ಪೆನ್ಸಿಲನ್ನು ಎತ್ತದೆ, ಒತ್ತಿ ತಿರುಗಿಸಿದ ಗುರುತು. ದಿವ್ಯಳ ಹಾಳೆಗಳಲ್ಲಿ ಲತಾಮಣಿ ಮೂರು ದಿನದಿಂದ ಅದೇ ತಿರುವನ್ನು ನೋಡುತ್ತಿದ್ದಳು. ಕೆಳಗೆ ಹೆಸರಿಲ್ಲ.

ಸಂಜೆಯವರೆಗೆ ಕೊಡಿ ಎಂದು ಬೇಡಿದಳು. ತಿರುಗಿ ತಂದುಕೊಡದಿದ್ದರೆ ಕನಕಪುರದವರೆಗೂ ಬಂದು ಕೇಳುತ್ತೇನೆ ಎಂದು ಹೇಳಿಯೇ ದೊಡ್ಡಲಕ್ಷ್ಮಮ್ಮ ಹಾಳೆಯನ್ನು ಪೇಪರಿನಲ್ಲಿ ಸುತ್ತಿದಳು.

ಬಸ್ ಸ್ಟ್ಯಾಂಡಿನಿಂದ ಅನಂತರಾಜುವಿಗೆ ಫೋನ್ ಮಾಡಿದಳು. ಅವನು ಮೊದಲು ಸಿಟ್ಟಾದ. ತಾಯಿಗೆ ವಯಸ್ಸಾಗಿದೆ, ಯಾರನ್ನೋ ಯಾರೋ ಎನ್ನುತ್ತಾಳೆ, ತಾನು ಯಾವ ಹುಡುಗಿಯನ್ನೂ ಕಳಿಸಿಲ್ಲ ಎಂದ. ಮತ್ತೆ ಯಾಕೆ ಮಾತಾಡಬೇಡ ಎಂದು ತಾಯಿಗೆ ಹೇಳಿದೆ ಎಂದು ಕೇಳಿದ್ದಕ್ಕೆ, ಯಾರ ಮಗ ತಾನೇ ಪೊಲೀಸಿನವರ ಹತ್ತಿರ ಮಾತಾಡು ಅನ್ನುತ್ತಾನೆ ಎಂದ. ಗೌಸ್ ತೋರಿಸಿದ ಕರಡಿನ ಮಾತು ತೆಗೆದಾಗ ಮಾತ್ರ ಸ್ವಲ್ಪ ತಡೆದ. ಕರಡು ಹಳೆಯದು, ಆಮೇಲೆ ಬದಲಾಯಿಸಿರಬಹುದು ಎಂದ. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಕೊನೆಗೆ ಅವನೇ ದಾರಿ ಹೇಳಿದ.

“ಒಂದೇ ಒಂದು ಹಾಳೆ ಬರೀಲಿ ಮೇಡಂ. ವಿಡಿಯೊ ಕಾಲಲ್ಲಿ, ನನ್ನ ಕಣ್ಣೆದುರಿಗೆ. ಕದಿರಿ ಗೂಡು ಬಿಡೋದು. ಇನ್ನೂರು ಹಾಳೆ ಬರೆದೋಳಿಗೆ ಕೈ ಮರೆಯುತ್ತಾ. ಹತ್ತು ಗೆರೆ ಎಳೆಯೋದ್ರೊಳಗೆ ಗೊತ್ತಾಗುತ್ತೆ ನನಗೆ, ಆ ವಿಡಿಯೊ ಅವಳದೋ ಅಲ್ವೋ ಅಂತ. ಅವಳದಲ್ಲ ಅನ್ನಿಸಿದ್ರೆ ಹೆಸರು ಮೊದಲನೇ ಸಾಲಲ್ಲೇ ಹಾಕ್ತೀನಿ. ಕ್ಷಮೆಯೂ ಕೇಳ್ತೀನಿ.”

ಐದರೊಳಗೆ ಎಂದು ಮತ್ತೊಮ್ಮೆ ಹೇಳಿ ಫೋನಿಟ್ಟ.

ಲತಾಮಣಿ ಎರಡು ಬಸ್ಸು ಬದಲಾಯಿಸಿ ಚನ್ನಪಟ್ಟಣ ತಲುಪಿದಾಗ ಮೂರಾಗಿತ್ತು. ಹೊಂಗನೂರಿನ ಬಸ್ಸು ಹೋಗಿಬಿಟ್ಟಿತ್ತು. ಆಟೊದವನು ಕೇಳಿದ್ದಕ್ಕೆ ತಕರಾರಿಲ್ಲದೆ ಒಪ್ಪಿ ಹತ್ತಿದಳು. ದಾರಿಯಲ್ಲಿ ಹಿಪ್ಪುನೇರಳೆ ತೋಟಗಳು ಸೊಪ್ಪು ಕೊಯ್ದು ಬೋಳಾಗಿದ್ದವು. ಹುಳ ಹಣ್ಣಾಗಿದೆ ಎಂದು ತೋಟ ನೋಡಿಯೇ ತಿಳಿಯಿತು. ಅಂದರೆ ಬೋರಮ್ಮನ ಮನೆಯಲ್ಲಿ ಇವತ್ತು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಹಾಗೆಯೇ ಆಗಿತ್ತು. ಹುಳದ ಮನೆಯ ಬಾಗಿಲ ಹೊರಗೆ ಚಂದ್ರಿಕೆಗಳು ಸಾಲಾಗಿ ಒರಗಿದ್ದವು. ಒಳಗೆ ನಾಲ್ಕೈದು ಹೆಂಗಸರು ತಲೆ ಬಗ್ಗಿಸಿ ಹಣ್ಣು ಹುಳ ಆರಿಸುತ್ತಿದ್ದರು. ಇವತ್ತು ಆರಿಸದಿದ್ದರೆ ಹುಳ ಸಿಕ್ಕ ಸಿಕ್ಕ ಕಡೆ ನೂಲು ಸುತ್ತಿ ಬೆಳೆ ಕೆಡುತ್ತದೆ. ಲತಾಮಣಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹುಳಕ್ಕೆ ರೋಗ ತಾಗದಂತೆ ಹೊಸ್ತಿಲ ಮುಂದೆ ಹಾಕಿದ ಸುಣ್ಣದ ಪುಡಿಯ ಮೇಲೆ ನಿಂತಳು. ಅದಕ್ಕಿಂತ ಒಳಗೆ ಹೊರಗಿನವರು ಕಾಲಿಡುವುದಿಲ್ಲ.

ದಿವ್ಯ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಇಪ್ಪತ್ತೊಂಬತ್ತರ ಕುಳ್ಳನೆಯ ಹುಡುಗಿ, ಉದ್ದ ಜಡೆಯನ್ನು ಗಂಟು ಹಾಕಿ ಬಟ್ಟೆ ಕಟ್ಟಿಕೊಂಡಿದ್ದಳು. ಹಣ್ಣಾಗಿ ಮೈ ತಿಳಿಯಾದ ಹುಳಗಳನ್ನು ಮಾತ್ರ ಗುರುತಿಸಿ, ಒಂದಕ್ಕೂ ನೋವಾಗದಂತೆ ಎತ್ತುತ್ತಿದ್ದ ಆ ಬೆರಳುಗಳ ಚುರುಕು ನೋಡುವಂತಿತ್ತು.

ಲತಾಮಣಿ ಅವಳನ್ನೂ ಬೋರಮ್ಮನನ್ನೂ ಹೊರಗೆ ಕರೆದಳು. ಬೋರಮ್ಮ ಬರುವಾಗಲೇ, ಬೇಗ ಹೇಳವ್ವ, ಹುಳ ಕಾಯಲ್ಲ ಎಂದಳು.

ಬೆಳಗಿನಿಂದ ಕಂಡದ್ದನ್ನು ಲತಾಮಣಿ ಕ್ರಮವಾಗಿ ಹೇಳಿದಳು. ಗೌಸ್ ತೋರಿಸಿದ ಕರಡು. ಹನ್ನೊಂದು ಕಡಿತದ ಸದ್ದು. ಬಾಯಿಂದ ನೀರು ಬಿಡುವ ಚಿಟ್ಟೆ. ದಿವ್ಯ ಅಳಿಸಿಬಿಡು ಎಂದ ಮಾತು ಬಂದಾಗ ಬೋರಮ್ಮ ಮೊಮ್ಮಗಳ ಕಡೆ ತಿರುಗಿದಳು. ದಿವ್ಯ ಅಂಗೈಗೆ ಅಂಟಿದ್ದ ನೂಲಿನ ಎಳೆಯನ್ನು ಬಿಡಿಸುತ್ತಿದ್ದಳು.

“ಮಾಗಡಿಗೆ ಹೋಗಿದ್ಯಾ ನೀನು?”

“ಇಲ್ಲಕ್ಕ.”

“ಯುಗಾದಿ ಆದ್ಮೇಲೆ?”

“ನಾನು ಮಾಗಡೀನೇ ನೋಡಿಲ್ಲ.”

“ಒಬ್ಳು ಹೋಗಿದ್ಲು. ನಿನ್ ಹೆಸ್ರು ಹೇಳ್ಕಂಡು, ಒಂಬತ್ ದಿನ ಉಳ್ಕಂಡಿದ್ಲು.”

ಲತಾಮಣಿ ಪೇಪರು ಬಿಚ್ಚಿ ಹಾಳೆ ಹಿಡಿದಳು. ದಿವ್ಯ ಕೈ ಚಾಚಿದಳು, ಹುಳ ಮುಟ್ಟಿದ ಕೈಯೆಂದು ಹಿಂದೆಳೆದುಕೊಂಡಳು. ಮುದುಕಿಯ ಸುಕ್ಕುಗಟ್ಟಿದ ಬೆರಳು, ಅದರ ತುದಿಯ ಚಿಟ್ಟೆ, ಎರಡನ್ನೂ ಬಹಳ ಹೊತ್ತು ನೋಡಿದಳು. ಮುಖದಲ್ಲಿ ಹೆದರಿಕೆ ಬರಲಿಲ್ಲ, ಸಿಟ್ಟೂ ಬರಲಿಲ್ಲ. ದೂರದ ಊರಿನಿಂದ ಬಂದ ಕಾಗದ ಓದುವವರ ಮುಖದಂತೆ ಇತ್ತು ಅದು.

“ಚೆನ್ನಾಗಿದೆ,” ಎಂದಳು.

ಒಳಗಿನಿಂದ ಯಾರೋ ಬೋರಮ್ಮನನ್ನು ಕೂಗಿ, ಚಂದ್ರಿಕೆ ಸಾಲದೆಂದರು. ಬೋರಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ.

“ಒಂದ್ ಮಾತು ಮಗ,” ಎಂದಳು ಲತಾಮಣಿ. “ನಿನ್ ಹೆಸ್ರಲ್ಲಿ ಒಬ್ಳು ತಿರುಗ್ತಾವ್ಳೆ. ನಿನ್ ಕೈ ಥರಾನೇ ಬರೀತಾಳೆ. ಅವ್ಳಿಂದಾನೇ ನಿನ್ ಮೇಲೆ ಅಪವಾದ ಬಂದೈತೆ. ಯಾರವ್ಳು ಅಂತ ನೀನು ಕೇಳ್ಲೇ ಇಲ್ವಲ್ಲ.”

ದಿವ್ಯ ಅಂಗೈಯ ನೂಲನ್ನು ಮತ್ತೆ ಬಿಡಿಸತೊಡಗಿದಳು.

ಗಂಟೆ ನಾಲ್ಕೂವರೆ ಆಗಿತ್ತು. ಆ ಹುಡುಗಿಯ ವಿಚಾರವನ್ನು ನಾಳೆಗೂ ಕೇಳಬಹುದು, ಹೆಸರನ್ನು ಮಾತ್ರ ಇವತ್ತೇ ಉಳಿಸಬೇಕು. ಲತಾಮಣಿ ಅನಂತರಾಜು ಒಪ್ಪಿದ್ದನ್ನು ಹೇಳಿದಳು. ಒಂದು ಹಾಳೆ. ಕದಿರಿ ಗೂಡು ಬಿಡುವುದನ್ನು ಅವಳು ಹೇಗೆ ಬರೆದಿದ್ದಳೋ ಹಾಗೆ, ಕಚ್ಚುವುದಾದರೆ ಕಚ್ಚುವ ಹಾಗೆಯೇ. ಹತ್ತು ಗೆರೆ ಸಾಕು. ಮೊದಲನೇ ಸಾಲಿನಲ್ಲಿ ಹೆಸರು, ಮೇಲೆ ಕ್ಷಮೆ.

ಬೋರಮ್ಮ ಪೂರ್ತಿ ಕೇಳುವ ಮೊದಲೇ ಒಳಮನೆಗೆ ಹೋಗಿ, ದಿವ್ಯಳ ರಟ್ಟು, ಬಿಳಿ ಹಾಳೆ, ಪೆನ್ಸಿಲು ತಂದಳು. ನೀರಿನ ಚೊಂಬು ತಂದು ಮೊಮ್ಮಗಳ ಕೈಗೆ ತಾನೇ ಹುಯ್ದಳು. ಸೆರಗಿನಲ್ಲಿ ಒರೆಸಿದಳು. ಜಗುಲಿಯ ಮೇಲೆ ರಟ್ಟು ಇಟ್ಟು, ಹಾಳೆ ಹಾಸಿ, ಗಾಳಿಗೆ ಹಾರದಂತೆ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

ಲತಾಮಣಿ ಫೋನ್ ಹಚ್ಚಿದಳು. ಪರದೆಯ ಮೇಲೆ ಅನಂತರಾಜುವಿನ ಮುಖ ಬಂತು. ಅವನ ಹಿಂದೆ ಗೌಸ್ ನಿಂತಿದ್ದ.

ದಿವ್ಯ ಜಗುಲಿಯ ಮೇಲೆ ಕೂತಳು. ಪೆನ್ಸಿಲು ತೆಗೆದುಕೊಂಡಳು. ಹಾಳೆಯ ಮೇಲೆ, ಒಂದು ಬೆರಳಷ್ಟು ಎತ್ತರದಲ್ಲಿ, ಪೆನ್ಸಿಲಿನ ತುದಿ ಗೂಡಿನ ಆಕಾರದಲ್ಲಿ ಒಂದು ಸುತ್ತು ಸುತ್ತಿತು. ತುದಿ ಕಾಗದ ಮುಟ್ಟಲಿಲ್ಲ.

“ಬರ್ದ್ಬುಡು ನನ್ನವ್ವ,” ಎಂದಳು ಬೋರಮ್ಮ. ಮೂರು ದಿನದ ಹಿಂದೆ ಕನಕಪುರದಲ್ಲಿ ನಿಂತು ಮಾತಾಡಿದವಳ ದನಿ ಈಗ ಕೂತುಹೋಗಿತ್ತು. “ಹತ್ತು ಗೆರೆ ಅಂತಾರಲ್ಲ. ನಿನ್ ಹೆಸ್ರು ಉಳೀತದೆ.”

ದಿವ್ಯ ಅಜ್ಜಿಯ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ, ಅದರ ಕೆಳಗಿನ ಹಾಳೆಯನ್ನು ಎಳೆದು ಮಡಿಸಿದಳು. ಪೆನ್ಸಿಲನ್ನು ಅಜ್ಜಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು. ಬರೆದರೆ ಆ ವಿಡಿಯೊ ಇನ್ನೊಬ್ಬಳದೆಂದು ಬಯಲಾಗುತ್ತದೆ, ಕರಡನ್ನು ಅಳಿಸು ಎಂದದ್ದೂ ಆ ಇನ್ನೊಬ್ಬಳನ್ನು ಕಾಯಲೆಂದೇ ಎಂದು ಲತಾಮಣಿಗೆ ಆಗ ಹೊಳೆಯಿತು. ದಿವ್ಯ ಫೋನಿನ ಕಡೆ ತಿರುಗಿ, ಅನಂತರಾಜುವಿನ ಕಣ್ಣನ್ನೇ ನೋಡುತ್ತ ಹೇಳಿದಳು.

“ನನ್ ಹೆಸ್ರು ತೆಗೆದಾಕು ಅನಂತಣ್ಣ. ನಾನು ಬರಿಯಲ್ಲ.”